ಖಾಲಿ ಬಿಟ್ಟ ಕಾಲಂ

“ಕಂಪ್ಯೂಟರ್ ಒಪ್ಪಲ್ಲ” ಎಂಬ ಮಾತನ್ನು ನೀವೂ ಕೇಳಿಯೇ ಇರುತ್ತೀರಿ. ಬ್ಯಾಂಕಿನ ಕೌಂಟರಿನಲ್ಲಿ, ಗ್ಯಾಸ್ ಏಜೆನ್ಸಿಯಲ್ಲಿ, ಮಗುವಿನ ಶಾಲೆಯ ಅಡ್ಮಿಷನ್ ಕಿಟಕಿಯಲ್ಲಿ. ಹೇಳುವವರ ಮುಖದಲ್ಲಿ ಒಂದು ನಿರಾಳ ಇರುತ್ತದೆ, ಬೇಡ ಅಂದದ್ದು ನಾನಲ್ಲ, ಅದು ಎನ್ನುವಂಥ ನಿರಾಳ. ನಮ್ಮ ತಿಪಟೂರಿನಲ್ಲಿ ಆ ಮಾತನ್ನು ಮೊದಮೊದಲು ಹೇಳಿದವರ ಪೈಕಿ ನಾನೂ ಒಬ್ಬಳು. ಹೇಳಿದ್ದು 1994ರಲ್ಲಿ. ಅದು ಸುಳ್ಳು ಎಂದು ಹೇಳುವಾಗಲೇ ನನಗೆ ಗೊತ್ತಿತ್ತು.

ಅದಕ್ಕೆ ಎರಡು ವರ್ಷ ಮುಂಚೆ ನಮ್ಮ ಬೀದಿಯ ಔಷಧಿ ಅಂಗಡಿಯ ಮಹಡಿ ಮೇಲೆ ಒಂದು ಕಂಪ್ಯೂಟರ್ ಕ್ಲಾಸು ಶುರುವಾಗಿತ್ತು. ಆಗ ನನಗೆ ಮದುವೆಯಾಗಿ ನಾಲ್ಕು ವರ್ಷ, ಮಗಳಿಗೆ ಎರಡು ವರ್ಷ. ಬಿಎಸ್ಸಿಯಲ್ಲಿ ಗಣಿತ ಓದಿದವಳು ಹಾಲಿನ ಲೆಕ್ಕ, ಚೀಟಿ ಲೆಕ್ಕ ಬಿಟ್ಟರೆ ಬೇರೆ ಗಣಿತ ಮಾಡದೆ ಇದ್ದೆ. ನನ್ನವರು “ಸೇರಿಕೋ” ಅಂದರು. ಅತ್ತೆ ಮಾತ್ರ, “ಟೈಪಿಂಗ್ ಕಲಿತ್ರೆ ಕೆಲಸ ಸಿಗುತ್ತೆ ಅಂತಾರೆ. ಇದನ್ನ ಕಲಿತ್ರೆ ಏನು ಸಿಗುತ್ತೋ!” ಅಂದರು. ಅಂದರೂ ಮಧ್ಯಾಹ್ನ ಮೂರರಿಂದ ನಾಲ್ಕೂವರೆವರೆಗೆ ಮಗುವನ್ನು ನೋಡಿಕೊಂಡವರು ಅವರೇ.

ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಟ್ಟು ಒಳಗೆ ಹೋಗಬೇಕಿತ್ತು. ದೇವಸ್ಥಾನದ ಮಡಿಗೂ ಆ ಕೋಣೆಯ ಮಡಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಒಳಗೆ ಏಸಿ, ಅದೂ ನಮಗಲ್ಲ, ಯಂತ್ರಗಳಿಗೆ. ನಾಲ್ಕು ಯಂತ್ರ, ಒಂದೊಂದಕ್ಕೆ ಇಬ್ಬರು. ಅಲ್ಲಿ ಕಲಿಸಿದ್ದು ಡಿಬೇಸ್ ತ್ರೀ ಪ್ಲಸ್ ಎಂಬುದನ್ನು. ತೆರೆದರೆ ಕಪ್ಪು ಪರದೆಯ ಕೆಳಗೆ ಒಂದು ಚುಕ್ಕಿ, ಪಕ್ಕದಲ್ಲಿ ಮಿಣುಕುವ ಕರ್ಸರ್. ಜೊತೆಗಿದ್ದ ಹುಡುಗರು “ಮುಂದೇನು ಸಾರ್?” ಎಂದು ಕೇಳುತ್ತಿದ್ದರು. ಚುಕ್ಕಿ ಕಂಡರೆ ಎಳೆ ಎಳೆಯುವುದನ್ನು ನಮಗೆ ಯಾರಾದರೂ ಹೇಳಿಕೊಡಬೇಕೆ? ನನಗಂತೂ ಆ ಚುಕ್ಕಿ ಮೊದಲ ದಿನವೇ ಹಿಡಿಸಿತು.

ಈ ಡಿಬೇಸಿನ ಹುಟ್ಟೂ ಒಂಥರಾ ತಮಾಷೆಯದೇ. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ, ಅಂದರೆ ಗ್ರಹಗಳ ಕಡೆಗೆ ನೌಕೆ ಕಳಿಸುವವರ ಜಾಗದಲ್ಲಿ, ಕೆಲಸ ಮಾಡುತ್ತಿದ್ದ ವೇನ್ ರ‍್ಯಾಟ್ಲಿಫ್ ಎಂಬಾತ 1970ರ ದಶಕದ ಕೊನೆಯಲ್ಲಿ ಇದನ್ನು ಬರೆಯಲು ಹೊರಟದ್ದು ಆಫೀಸಿನವರು ಕಟ್ಟುತ್ತಿದ್ದ ಫುಟ್‌ಬಾಲ್ ಬಾಜಿಯಲ್ಲಿ ಗೆಲ್ಲುವುದಕ್ಕೆ! ಮೊದಲು ಅದರ ಹೆಸರು ವಲ್ಕನ್. ಮಾರಾಟಕ್ಕೆ ತಂದ ಕಂಪನಿ ಡಿಬೇಸ್ ಟೂ ಎಂದು ಕರೆಯಿತು. ಡಿಬೇಸ್ ಒನ್ ಎಂಬುದು ಇರಲೇ ಇಲ್ಲ. ಎರಡು ಎಂದರೆ ಪಳಗಿದ ಸರಕು ಎಂದು ಜನ ನಂಬುತ್ತಾರಲ್ಲ, ಅದಕ್ಕೆ. ಆ ಕಂಪನಿಯ ಹೆಸರು ಆಷ್ಟನ್-ಟೇಟ್. ಟೇಟ್ ಎಂಬುವರಿದ್ದರು. ಆಷ್ಟನ್ ಎಂಬ ಪಾಲುದಾರ ಯಾರೂ ಇರಲಿಲ್ಲ, ಕಿವಿಗೆ ಚೆಂದವೆಂದು ಸೇರಿಸಿಕೊಂಡದ್ದು. ಇಲ್ಲದ ಗಂಡಸಿನ ಹೆಸರನ್ನು ಗೌರವಕ್ಕಾಗಿ ಬೋರ್ಡಿನ ಮೇಲೆ ಬರೆಸಿಕೊಂಡ ಆ ಕಂಪನಿಯ ನೆನಪು ನನಗೆ ಆಮೇಲೆ ಬೇರೆಯೇ ಕಾರಣಕ್ಕೆ ಬಂತು.

ಆರು ತಿಂಗಳಲ್ಲಿ ಕಲಿತೆ. ಆಮೇಲೆ ಅದೇ ಕ್ಲಾಸಿನಲ್ಲಿ ಕಲಿಸಲೂ ತೊಡಗಿದೆ. ಅಷ್ಟು ಹೊತ್ತಿಗೆ ಡಿಬೇಸಿಗಿಂತ ಚುರುಕಾದ ಫಾಕ್ಸ್‌ಪ್ರೊ ಬಂದಿತ್ತು. ಆಜ್ಞೆಗಳು ಬಹುಪಾಲು ಅವೇ, ಓಟ ಮಾತ್ರ ಹೆಸರಿಗೆ ತಕ್ಕಂತೆ ನರಿಯದು. ಹೀಗಿರುವಾಗ ಊರಿನ ಒಂದು ಮಹಿಳಾ ಪತ್ತಿನ ಸಹಕಾರ ಸಂಘದವರು ಹಳೆಯ ಕಂಪ್ಯೂಟರ್ ಒಂದನ್ನು ಕೊಂಡು, “ನಮ್ಮ ಲೆಕ್ಕವನ್ನೆಲ್ಲ ಇದರೊಳಗೆ ಹಾಕಿಕೊಡಿ” ಎಂದು ನನ್ನನ್ನು ಕರೆದರು. ಸದಸ್ಯೆಯರು 600ಕ್ಕೂ ಹೆಚ್ಚು. ಹೂ ಕಟ್ಟುವವರು, ಹೊಲಿಯುವವರು, ಹಪ್ಪಳ ಮಾಡುವವರು, ಕೊಬ್ಬರಿ ಸುಲಿಯಲು ಹೋಗುವವರು, ಕೆಲವರು ಮೇಷ್ಟ್ರ ಹೆಂಡತಿಯರು. ಲೆಕ್ಕವನ್ನೆಲ್ಲ ಹಲವು ವರ್ಷಗಳಿಂದ ಒಬ್ಬರೇ ಬರೆಯುತ್ತಿದ್ದರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಡೇಟಾಬೇಸ್ ಎಂದರೆ ಏನೆಂದು ಅಕ್ಕನಿಗೆ ನಾನು ವಿವರಿಸಲು ಹೋದೆ. ಅವರು ಕನ್ನಡಕದ ಮೇಲಿಂದ ನೋಡಿ, “ಅಡ್ಡಗೆರೆ ಉದ್ದಗೆರೆ ಹಾಕ್ಕೊಂಡು ಬರೆಯೋದು ತಾನೆ? ಅದನ್ನೇ ನಾನೂ ಮಾಡ್ತಿರೋದು” ಅಂದರು. ಅಷ್ಟೇ, ಸರಿಯಾಗಿ ಹೇಳಿದ್ದರು. 1970ರಲ್ಲಿ ಐಬಿಎಂ ಕಂಪನಿಯ ಎಡ್ಗರ್ ಕಾಡ್ ಎಂಬ ಗಣಿತಜ್ಞ ಒಂದು ಪ್ರಬಂಧ ಬರೆದು, ಮಾಹಿತಿಯನ್ನು ಹೀಗೆ ಸಾಲು ಮತ್ತು ಕಾಲಂಗಳ ಕೋಷ್ಟಕಗಳಾಗಿ ಇಟ್ಟುಕೊಂಡು, ಕೋಷ್ಟಕಕ್ಕೂ ಕೋಷ್ಟಕಕ್ಕೂ ಸಂಬಂಧ ಕಟ್ಟಬಹುದು ಎಂದು ತೋರಿಸಿದರು. ಇವತ್ತಿಗೂ ಬ್ಯಾಂಕು, ರೈಲು, ಆಸ್ಪತ್ರೆಯ ಲೆಕ್ಕ ಬಹುಮಟ್ಟಿಗೆ ಆ ಆಧಾರದ ಮೇಲೇ ನಡೆಯುತ್ತದೆ. ಸದಸ್ಯೆಯ ಹೆಸರು ವಿಳಾಸ ಒಂದು ಕೋಷ್ಟಕದಲ್ಲಿ, ಸಾಲ ಇನ್ನೊಂದರಲ್ಲಿ, ಎರಡನ್ನೂ ಕೂಡಿಸುವುದು ಸದಸ್ಯತ್ವದ ಸಂಖ್ಯೆ. ಮನೆ ಬದಲಾಯಿಸಿದರೆ ವಿಳಾಸವನ್ನು ಒಂದೇ ಕಡೆ ತಿದ್ದಿದರೆ ಸಾಕು, ಹತ್ತು ಕಡೆ ಬೇಡ.

ಸಂಖ್ಯೆ ಯಾಕೆ, ಹೆಸರೇ ಸಾಲದೆ ಎಂದರೆ, ನಮ್ಮ ಸಂಘದಲ್ಲಿ ಲಕ್ಷ್ಮಮ್ಮನವರೇ ಏಳು ಜನ ಇದ್ದರು. ಅಕ್ಕನಿಗೆ ಅದೊಂದು ಕಷ್ಟವೇ ಅಲ್ಲ. ಹೂವಿನ ಲಕ್ಷ್ಮಮ್ಮ, ಬಸ್‌ಸ್ಟ್ಯಾಂಡಿನ ಲಕ್ಷ್ಮಮ್ಮ, ಮಾತು ಕಡಿಮೆಯ ಲಕ್ಷ್ಮಮ್ಮ. ನನ್ನ ಯಂತ್ರಕ್ಕೆ ಇದೆಲ್ಲ ತಿಳಿಯದು. ಪುಣೆಯ ಸಿ-ಡ್ಯಾಕಿನ ಜಿಸ್ಟ್ ಕಾರ್ಡ್ ಹಾಕಿಸಿದರೆ ಕನ್ನಡ ಬರುತ್ತಿತ್ತು. ಸಂಘಕ್ಕೆ ಅಷ್ಟು ಶಕ್ತಿ ಇರಲಿಲ್ಲ. ಹಾಗಾಗಿ ಹೆಸರೆಲ್ಲ ಇಂಗ್ಲಿಷಿನಲ್ಲಿ. ಒಬ್ಬರು ‘ಕೆ-ಎಸ್-ಎಚ್’ ಹಾಕಿ ಲಕ್ಷ್ಮಮ್ಮ ಎಂದು ಬರೆದರೆ ಇನ್ನೊಬ್ಬರು ‘ಎಕ್ಸ್’ ಹಾಕಿ ಬರೆಯುತ್ತಿದ್ದರು. ಫಾಕ್ಸ್‌ಪ್ರೊದಲ್ಲಿ ಸೌಂಡೆಕ್ಸ್ ಎಂಬ ಒಂದು ಉಪಾಯ ಇತ್ತು. ಉಚ್ಚಾರಣೆ ಒಂದೇ ಥರ ಇರುವ ಹೆಸರುಗಳಿಗೆ ಒಂದೇ ಸಂಕೇತ ಕೊಡುವುದು ಅದರ ಕೆಲಸ. ಅಮೆರಿಕದಲ್ಲಿ 1918ರಲ್ಲೇ ಪೇಟೆಂಟ್ ಪಡೆದ ಹಳೆಯ ವಿದ್ಯೆ. ಹಾಕಿ ನೋಡಿದೆ. ಎರಡು ಥರದ ಲಕ್ಷ್ಮಮ್ಮಂದಿರಿಗೂ ಎಲ್-255 ಎಂದು ಬಂತು. ನನಗೋ ಹಿಗ್ಗು! ಆಮೇಲೆ ನೋಡಿದರೆ ಲಕ್ಷ್ಮಿಗೂ ಲಕ್ಕಮ್ಮನಿಗೂ ಎಲ್-250 ಎಂಬ ಒಂದೇ ಸಂಕೇತ. ಅಕ್ಕ ಅಂದರು, “ಆ ಲಕ್ಕಮ್ಮ ಕಂತು ಕಟ್ಟೋದೇ ಇಲ್ಲ. ಈ ಲಕ್ಷ್ಮಿ ಒಂದು ದಿನ ತಪ್ಪಿಸಿದವಳಲ್ಲ. ಇಬ್ಬರನ್ನೂ ಒಂದೇ ಅಂದ್ರೆ ನಿನ್ನ ಯಂತ್ರಕ್ಕೆ ಲಕ್ಷ್ಮಿ ಒಲಿಯಲ್ಲ ಕಣಮ್ಮ.”

ಇಷ್ಟೆಲ್ಲ ನಗುನಗುತ್ತಾ ನಡೆಯಿತು. ತೊಡಕು ಬಂದದ್ದು ಸದಸ್ಯೆಯರ ಕೋಷ್ಟಕ ಕಟ್ಟುವಾಗ.

ಕೋಷ್ಟಕ ಕಟ್ಟಬೇಕಾದರೆ ಮೊದಲು ಯಾವ್ಯಾವ ಕಾಲಂ, ಯಾವುದರಲ್ಲಿ ಅಕ್ಷರ, ಯಾವುದರಲ್ಲಿ ಅಂಕಿ, ಎಷ್ಟು ಅಗಲ ಎಂದು ಹೇಳಬೇಕು. ಪಾತ್ರೆ ಕೊಳ್ಳುವ ಮುಂಚೆಯೇ ಎಷ್ಟು ಜನಕ್ಕೆ ಅಡುಗೆ ಎಂದು ತೀರ್ಮಾನಿಸಿದ ಹಾಗೆ. ಸದಸ್ಯೆಯ ಹೆಸರು 25 ಅಕ್ಷರ, ಗಂಡನ ಹೆಸರು 25 ಅಕ್ಷರ. ಕಾಲಮ್ಮಿನ ಶೀರ್ಷಿಕೆ ಮಾತ್ರ ಹತ್ತು ಅಕ್ಷರ ಮೀರುವಂತಿಲ್ಲ. ‘ಹಸ್ಬೆಂಡ್ ನೇಮ್’ ಎಂಬುದನ್ನು ಇಂಗ್ಲಿಷಿನಲ್ಲಿ ಕೂಡಿಸಿ ಬರೆದರೆ ಹನ್ನೊಂದು ಅಕ್ಷರ. ಯಾವ ಅಕ್ಷರ ಬಿಡುವುದು ಎಂದು ಒಂದು ಸಂಜೆಯೆಲ್ಲ ಯೋಚಿಸಿ, ನಡುವಿನ ಒಂದು ‘ಎ’ ತೆಗೆದುಹಾಕಿದೆ. ಆ ಕಾಲಮ್ಮೇ ಬೇಕೇ ಎಂದು ಒಂದು ನಿಮಿಷವೂ ಯೋಚಿಸಲಿಲ್ಲ.

ಆಮೇಲೆ ಮಾಹಿತಿ ತುಂಬುವ ಪರದೆ. ಅಲ್ಲಿ ನಾನು ಕಲಿತ ಬುದ್ಧಿಯನ್ನೆಲ್ಲ ತೋರಿಸಿದೆ. ಫಾಕ್ಸ್‌ಪ್ರೊದಲ್ಲಿ ಒಂದೊಂದು ಜಾಗಕ್ಕೂ ‘ವ್ಯಾಲಿಡ್’ ಎಂದು ಒಂದು ಕಟ್ಟಳೆ ಹಾಕಬಹುದು. ಖಾಲಿ ಇರಬಾರದು ಎಂದು ಬರೆದರೆ, ಅಲ್ಲಿ ಏನಾದರೂ ತುಂಬುವವರೆಗೆ ಕರ್ಸರ್ ಮುಂದಕ್ಕೆ ಹೋಗುವುದಿಲ್ಲ. ಹೆಸರಿಗೆ ಹಾಕಿದೆ, ವಿಳಾಸಕ್ಕೆ ಹಾಕಿದೆ, ಗಂಡನ ಹೆಸರಿಗೂ ಹಾಕಿದೆ. ಕ್ಲಾಸಿನಲ್ಲಿ ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತಿದ್ದೆನಲ್ಲ, ಒಳ್ಳೆಯ ಪ್ರೋಗ್ರಾಂ ಅಂದರೆ ಅರೆಬರೆ ಮಾಹಿತಿಯನ್ನು ಒಳಗೆ ಬಿಡದಂಥದ್ದು ಅಂತ.

ಅಕ್ಕನ ಪುಸ್ತಕದಿಂದ ನಕಲು ಮಾಡುತ್ತಾ ಹೋದಾಗ ಹನ್ನೊಂದು ಸಾಲುಗಳಲ್ಲಿ ಗಂಡನ ಹೆಸರಿನ ಜಾಗ ಖಾಲಿ ಇದ್ದದ್ದು ಕಂಡಿತು. ಮರೆತದ್ದಲ್ಲ. ಒಂದು ಸಣ್ಣ ಗೆರೆ ಎಳೆದು ಬಿಟ್ಟಿದ್ದರು. ಕೇಳಿದೆ. “ಅದು ಹಾಗೇ ಇರಲಿ ಬಿಡಮ್ಮ” ಅಂದರು.

“ಖಾಲಿ ಬಿಟ್ರೆ ಕಂಪ್ಯೂಟರ್ ಒಪ್ಪಲ್ಲ ಅಕ್ಕ.”

ಅಕ್ಕ ಯಂತ್ರವನ್ನು ನೋಡಿದರು, ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ಅವರು ಎದುರು ಮಾತಾಡಿದ್ದರೆ ಒಳ್ಳೆಯದಿತ್ತು. ಬಿಎಸ್ಸಿ ಓದಿದವಳ ಮುಂದೆ ಅವರು ಸುಮ್ಮನಾದರು. ಅದೂ ಈಗ ನೆನೆದರೆ ಚುಚ್ಚುತ್ತದೆ.

ಹನ್ನೊಂದು ಜನಕ್ಕೂ ‘ವಿವರ ಅಪೂರ್ಣವಾಗಿದೆ, ಖುದ್ದಾಗಿ ಬಂದು ಭರ್ತಿ ಮಾಡಿಸಿ’ ಎಂದು ಚೀಟಿ ಹೋಯಿತು. ಬರೆದುಕೊಟ್ಟವಳು ನಾನೇ. ಕೆಲವರು ಬಂದರು. ಒಬ್ಬರು ಮದುವೆಯಾಗದೆ ಉಳಿದ ಟೀಚರು, ನಗುತ್ತಾ ತಂದೆಯ ಹೆಸರು ಕೊಟ್ಟು ಹೋದರು. ಇನ್ನೊಬ್ಬರು ಹೆಸರಿನ ಹಿಂದೆ ‘ದಿವಂಗತ’ ಎಂದು ಬರೆಸಿದರು. ಎಲ್ಲ ಸರಾಗ ನಡೆಯುತ್ತಿದೆ ಎಂದುಕೊಂಡೆ.

ಒಂದು ಶನಿವಾರ, ಕಂತು ಕಟ್ಟುವ ದಿನ. ಹಜಾರದಲ್ಲಿ ಇಪ್ಪತ್ತು ಮೂವತ್ತು ಜನ. ಟೈಪ್ ಮಾಡಲು ಕೂರಿಸಿದ್ದ ಹುಡುಗಿಗೆ ಹತ್ತೊಂಬತ್ತೋ ಇಪ್ಪತ್ತೋ ವರ್ಷ, ನನ್ನದೇ ಶಿಷ್ಯೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕಿರಿಕಿರಿ ಸದ್ದಿನ ಮೇಲೆ ಕೇಳಲೆಂದು ಎಲ್ಲರೂ ಗಟ್ಟಿಯಾಗಿಯೇ ಮಾತಾಡುತ್ತಿದ್ದರು. ಹೊಲಿಗೆ ಮಾಡುವ ಒಬ್ಬಾಕೆ ಚೀಟಿ ಹಿಡಿದು ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು.

“ಗಂಡನ ಹೆಸರು?” ಅಂದಳು ಹುಡುಗಿ.

ಆಕೆ ಮೆಲ್ಲಗೆ ಏನೋ ಅಂದರು.

“ಹೆಸರು ಹೇಳ್ರೀ, ಇಲ್ದಿದ್ರೆ ಮುಂದಕ್ಕೆ ಹೋಗಲ್ಲ ಇದು.” ಆಮೇಲೆ, ಪ್ರಿಂಟರು ನಿಂತ ಘಳಿಗೆಯಲ್ಲಿ, ಇಡೀ ಹಜಾರಕ್ಕೆ ಕೇಳುವಂತೆ, “ಇದ್ದಾರಾ, ಇಲ್ವಾ?”

ನಾನು ಎರಡು ಮಾರು ದೂರದಲ್ಲಿ ಕೂತಿದ್ದೆ. ಹುಡುಗಿಯ ತಪ್ಪು ಒಂದಿಷ್ಟೂ ಇರಲಿಲ್ಲ. ಅವಳು ಎಂಟರ್ ಒತ್ತುತ್ತಿದ್ದಳು, ಕರ್ಸರ್ ಅಲ್ಲೇ ನಿಂತು ಮಿಣುಕುತ್ತಿತ್ತು. ಅದನ್ನು ಅಲ್ಲಿ ನಿಲ್ಲಿಸಿದವಳು ನಾನು. ಎದ್ದು ಹೋಗಿ ಒಂದು ಅಕ್ಷರ ಒತ್ತಿದ್ದರೂ ಸಾಕಿತ್ತು, ಬರೀ ಒಂದು ಚುಕ್ಕಿ. ಏಳಲಿಲ್ಲ. ಯಾಕೆ ಏಳಲಿಲ್ಲ ಎಂದು ಕೇಳಿದರೆ ಈಗಲೂ ನನ್ನಲ್ಲಿ ಉತ್ತರವಿಲ್ಲ. ಎಲ್ಲರ ಜೊತೆ ನಾನೂ ಆಕೆಯ ಮುಖ ನೋಡುತ್ತಾ ಕೂತಿದ್ದೆ, ಅಷ್ಟು ಮಾತ್ರ ನಿಜ.

ಆಕೆ ಚೀಟಿಯನ್ನು ಮಡಿಸಿ ಪರ್ಸಿಗೆ ಹಾಕಿಕೊಂಡು ಹೊರಟುಬಿಟ್ಟರು. ಸೋಮವಾರ ಅವರ ತಮ್ಮ ಬಂದು, ಅಕ್ಕನ ಷೇರು ಹಣ ವಾಪಸು ಕೊಡಿ, ಖಾತೆ ಮುಗಿಸಿ ಎಂದು ಆಕೆ ಸಹಿ ಮಾಡಿದ ಅರ್ಜಿ ಕೊಟ್ಟ. ಸಾಲವೇನೂ ಬಾಕಿ ಇರಲಿಲ್ಲ. ಹೊಸ ಮೆಷಿನ್ನಿಗೆ ಸಾಲ ಕೇಳಬೇಕೆಂದಿದ್ದರು ಎಂದು ಅಕ್ಕ ಆಮೇಲೆ ಹೇಳಿದರು.

ಆಕೆಯ ಸಾಲನ್ನು ಅಳಿಸಿದವಳೂ ನಾನೇ. ಇಲ್ಲಿ ಒಂದು ಸಂಗತಿ ಹೇಳಬೇಕು. ಡಿಬೇಸಿನಲ್ಲಾಗಲಿ ಫಾಕ್ಸ್‌ಪ್ರೊದಲ್ಲಾಗಲಿ ‘ಡಿಲೀಟ್’ ಎಂದರೆ ಸಾಲು ಅಳಿಸಿಹೋಗುವುದಿಲ್ಲ. ಪ್ರತಿ ಸಾಲಿನ ಮೊದಲಲ್ಲೂ ಒಂದಕ್ಷರದಷ್ಟು ಖಾಲಿ ಜಾಗ ಇರುತ್ತದೆ. ಡಿಲೀಟ್ ಅಂದಾಗ ಅಲ್ಲಿ ಒಂದು ನಕ್ಷತ್ರದ ಗುರುತು ಬೀಳುತ್ತದೆ, ಅಷ್ಟೆ. ಸಾಲು ಹಾಗೇ ಇರುತ್ತದೆ. ‘ರಿಕಾಲ್’ ಅಂದರೆ ನಕ್ಷತ್ರ ಹೋಗಿ ಸಾಲು ಮೊದಲಿನಂತೆ. ‘ಪ್ಯಾಕ್’ ಎಂಬ ಆಜ್ಞೆ ಕೊಟ್ಟಾಗ ಮಾತ್ರ ನಕ್ಷತ್ರ ಬಿದ್ದವೆಲ್ಲ ನಿಜವಾಗಿ ಹೋಗುತ್ತವೆ, ಮತ್ತೆ ತರುವಂತಿಲ್ಲ. ಅಕ್ಕ ಪರದೆ ನೋಡಿ, “ಇದೇನು ನಕ್ಷತ್ರ?” ಅಂದರು. ಹೇಳಿದೆ. “ನಾನೂ ಉಜ್ಜಿ ಅಳಿಸಲ್ಲಮ್ಮ. ಕೆಂಪು ಇಂಕಲ್ಲಿ ಒಂದು ಗೆರೆ ಹೊಡೆದು ಸಹಿ ಹಾಕ್ತೀನಿ. ಕೆಳಗಿರೋ ಅಕ್ಷರ ಕಾಣ್ತಿರಬೇಕು” ಅಂದರು. ಆಮೇಲೆ ತಮ್ಮ ಪುಸ್ತಕ ತೆಗೆದು ಆ ಸಾಲಿನ ಅಂಚು ತೋರಿಸಿದರು. ಪೆನ್ಸಿಲ್ಲಿನಲ್ಲಿ ಸಣ್ಣಗೆ ‘ಕೇಳಬಾರದು’ ಎಂದಿತ್ತು.

ಅಂಚನ್ನು ನಾನು ನೋಡಿಯೇ ಇರಲಿಲ್ಲ. ಕಾಲಮ್ಮಿನ ಒಳಗಿದ್ದದ್ದನ್ನಷ್ಟೇ ನಕಲು ಮಾಡಿದ್ದೆ. ತಿರುವುತ್ತಾ ಹೋದರೆ ಪುಟಪುಟದ ಅಂಚಿನಲ್ಲೂ ಅಂಥದ್ದೇ. ‘ಮಗಳ ಬಾಣಂತನ, ಯುಗಾದಿವರೆಗೆ ಕಂತು ಕೇಳಬೇಡಿ.’ ‘ಕೈಗೇ ಕೊಡುವುದು, ಮನೆಯವರ ಕೈಗಲ್ಲ.’ ಯಾರ ಲೆಕ್ಕ ಸರಿಯಾಗಿತ್ತೋ ನೀವೇ ಹೇಳಿ.

ಮುಂದಿನ ಭಾನುವಾರ ಅಕ್ಕನನ್ನು ಕರೆದುಕೊಂಡು ಆಕೆಯ ಮನೆಗೆ ಹೋದೆ. ಕಟ್ಟೆಯ ಮೇಲೆ ಹೊಲಿಗೆ ಮೆಷಿನ್ನು, ಪಕ್ಕದಲ್ಲಿ ಫಾಲ್ಸ್ ಹಾಕಬೇಕಾದ ಸೀರೆಗಳ ರಾಶಿ. ಕೂರಿಸಿದರು, ಕಾಫಿ ಕೊಟ್ಟರು. ತಪ್ಪಾಯಿತು ಅಂದೆ. ಆಕೆ ಕೋಪ ಮಾಡಿಕೊಳ್ಳಲಿಲ್ಲ.

“ನಾನು ಸೇರಿದಾಗಿಂದ ಅಕ್ಕ ಒಂದು ದಿನ ಕೇಳಿಲ್ಲ ಮೇಡಂ. ಅವರು ಹೋಗಿ ಏಳು ವರ್ಷ ಆಯ್ತು. ಎಲ್ಲಿದಾರೋ, ಇದಾರೋ ಇಲ್ವೋ ಗೊತ್ತಿಲ್ಲ. ಏನಂತ ಬರೆಸಲಿ? ಹೆಸರು ಬರೆಸಿದ್ರೆ ಇದಾರೆ ಅಂದಂಗೆ. ದಿವಂಗತ ಅಂದ್ರೆ ನಾನೇ ಸಾಯಿಸಿದಂಗೆ.” ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, “ಖಾಲಿ ಬಿಟ್ಟಿದ್ರೆ ಏನಾಗ್ತಿತ್ತು ಮೇಡಂ?”

ಏನೂ ಆಗುತ್ತಿರಲಿಲ್ಲ. ಬಡ್ಡಿಯ ಲೆಕ್ಕಕ್ಕೆ ಆ ಕಾಲಂ ಬೇಕಿರಲಿಲ್ಲ, ರಸೀತಿಯಲ್ಲಿ ಅದು ಅಚ್ಚಾಗುತ್ತಿರಲಿಲ್ಲ. ಇಡೀ ಪ್ರೋಗ್ರಾಮಿನಲ್ಲಿ ಅದನ್ನು ಕೇಳುವ ಸಾಲು ಒಂದೇ ಒಂದು. ಅದನ್ನು ಬರೆದವಳು ಅವರ ಎದುರಿಗೇ ಕಾಫಿ ಲೋಟ ಹಿಡಿದು ಕೂತಿದ್ದೆ.

ಸೋಮವಾರ ಆ ಕಟ್ಟಳೆ ತೆಗೆದುಹಾಕಿದೆ. ಎರಡು ನಿಮಿಷದ ಕೆಲಸ. ಅಂಚಿನ ಬರಹಕ್ಕೆಂದು ‘ಮೆಮೊ’ ಎಂಬ ಜಾತಿಯ ಒಂದು ಕಾಲಂ ಸೇರಿಸಿದೆ. ಅದರಲ್ಲಿ ಎಷ್ಟು ಉದ್ದ ಬೇಕಾದರೂ ಬರೆಯಬಹುದು. ಅಕ್ಕ ಬಂದು ಪಕ್ಕದಲ್ಲಿ ಕೂತು ಒಂದೊಂದನ್ನೇ ಹೇಳಿದರು, ಹುಡುಗಿಯನ್ನು ಆಚೆ ಕಳಿಸಿ ನಾನೇ ಟೈಪು ಮಾಡಿದೆ. ಕೆಲವನ್ನು ಅಕ್ಕ ಹೇಳಲಿಲ್ಲ. “ಇದು ಪುಸ್ತಕದಲ್ಲೇ ಇರಲಿ” ಅಂದರು. ಹೊಲಿಗೆಯಾಕೆಯ ಸಾಲಿಗೆ ರಿಕಾಲ್ ಕೊಟ್ಟೆ, ನಕ್ಷತ್ರ ಹೋಯಿತು. ಆದರೆ ಆಕೆ ಬರಲಿಲ್ಲ. ಎರಡು ಸಲ ಹೇಳಿಕಳಿಸಿದೆವು. ನಯವಾಗಿ ಬೇಡವೆಂದರು. ಮಾರ್ಚಿಯಲ್ಲಿ ಆಡಿಟ್ಟಿನವರು ಬರುವ ಮುಂಚೆ ಮತ್ತೆ ಡಿಲೀಟ್ ಕೊಡಬೇಕಾಯಿತು. ನಾನು ಅಲ್ಲಿದ್ದಷ್ಟು ವರ್ಷವೂ ಆ ಕೋಷ್ಟಕಕ್ಕೆ ಪ್ಯಾಕ್ ಆಜ್ಞೆ ಕೊಡಲಿಲ್ಲ. ಯಾಕೆ ಫೈಲು ಹೀಗೆ ಬೆಳೆಯುತ್ತಿದೆ ಎಂದು ಸೆಕ್ರೆಟರಿ ಕೇಳಿದರೆ ಏನಾದರೊಂದು ನೆವ ಹೇಳುತ್ತಿದ್ದೆ.

ಆಮೇಲೆ ವಿಷುಯಲ್ ಫಾಕ್ಸ್‌ಪ್ರೊ ಕಲಿಯುವಾಗ ಒಂದು ಹೊಸ ಮಾತು ಸಿಕ್ಕಿತು, ‘ನಲ್’. ಹಳೆಯ ಫಾಕ್ಸ್‌ಪ್ರೊದಲ್ಲಿ ಅಂಕಿಯ ಕಾಲಂ ಖಾಲಿ ಬಿಟ್ಟರೆ ಲೆಕ್ಕಕ್ಕೆ ಅದೂ ಸೊನ್ನೆಯೇ ಆಗುತ್ತಿತ್ತು. ಕೈಯಲ್ಲಿ ದುಡ್ಡಿಲ್ಲ ಎನ್ನುವುದಕ್ಕೂ ಎಷ್ಟಿದೆಯೋ ಗೊತ್ತಿಲ್ಲ ಎನ್ನುವುದಕ್ಕೂ ವ್ಯತ್ಯಾಸವಿಲ್ಲ. ನಲ್ ಎಂದರೆ ಸೊನ್ನೆಯೂ ಅಲ್ಲ, ಖಾಲಿ ಅಕ್ಷರವೂ ಅಲ್ಲ, ಇಲ್ಲಿ ಬೆಲೆ ಇಲ್ಲ ಎಂಬ ಗುರುತು. ಅದೇ ಎಡ್ಗರ್ ಕಾಡ್ ಅವರು ಮುಂದೆ ಇದೂ ಸಾಲದೆಂದು, ಇಲ್ಲದಿರುವುದರಲ್ಲಿ ಎರಡು ಬಗೆ ಮಾಡಿದರು. ಇರಬೇಕಾದದ್ದು ಆದರೆ ಸದ್ಯಕ್ಕೆ ತಿಳಿದಿಲ್ಲ ಎಂಬುದು ಒಂದು, ಇವರಿಗೆ ಇದು ಅನ್ವಯಿಸುವುದೇ ಇಲ್ಲ ಎಂಬುದು ಇನ್ನೊಂದು. ಓದುತ್ತಾ ಆ ಹನ್ನೊಂದು ಸಾಲು ಕಣ್ಣಮುಂದೆ ಬಂದವು. ಟೀಚರಮ್ಮನದು ಎರಡನೆಯ ಬಗೆ. ಹೊಲಿಗೆಯಾಕೆಯದು? ತಿಳಿದಿಲ್ಲವೋ, ಅನ್ವಯಿಸದೋ, ಹೇಳಲು ಇಷ್ಟವಿಲ್ಲವೋ. ಕಾಡ್ ಅವರ ಎರಡು ಗುರುತಿನಲ್ಲಿ ಆಕೆ ಹಿಡಿಯಲಿಲ್ಲ. ಅಕ್ಕನ ಸಣ್ಣ ಗೆರೆಯಲ್ಲಿ ಹಿಡಿದಿದ್ದರು.

ಫಾಕ್ಸ್‌ಪ್ರೊ ಈಗ ಹಳೆಯ ಕಥೆ. ಮೈಕ್ರೋಸಾಫ್ಟಿನವರು 1992ರಲ್ಲಿ ಅದರ ಕಂಪನಿಯನ್ನು ಕೊಂಡು, 2007ರಲ್ಲಿ ಇನ್ನು ಹೊಸ ಆವೃತ್ತಿ ಇಲ್ಲ ಎಂದು ಸಾರಿ, 2015ರಲ್ಲಿ ಕೈತೊಳೆದುಕೊಂಡರು. ನಾನು ಕಲಿತ ಆಜ್ಞೆಗಳಲ್ಲಿ ಮುಕ್ಕಾಲು ಪಾಲು ಈಗ ಯಾರಿಗೂ ಬೇಡ. ಬೇಸರವೇನಿಲ್ಲ, ಹಿತ್ತಾಳೆ ಪಾತ್ರೆಯೂ ಹೋಯಿತಲ್ಲ.

ಅವತ್ತು ಎರಡು ವರ್ಷದವಳಾಗಿದ್ದ ಮಗಳು ಈಗ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಾಳೆ. ಮೊನ್ನೆ ಬಂದಿದ್ದಾಗ ತಾನು ಮಾಡುತ್ತಿರುವ ಒಂದು ಆ್ಯಪನ್ನು ನನ್ನ ಫೋನಿಗೆ ಹಾಕಿ, “ಅಮ್ಮ, ನೀನು ತುಂಬಿ ನೋಡು, ಎಲ್ಲಿ ತೊಡಕಾಗುತ್ತೆ ಹೇಳು” ಅಂದಳು. ಹೆಸರು, ಹುಟ್ಟಿದ ದಿನ, ಊರು. ಕೆಲವು ಕಾಲಂಗಳ ಪಕ್ಕ ಪುಟ್ಟದೊಂದು ಕೆಂಪು ನಕ್ಷತ್ರ. ನನಗೆ ಎದೆ ಝಲ್ಲೆಂದಿತು, ಅಳಿಸಿದವೇನೋ ಎಂದು. “ಅಲ್ಲಮ್ಮ, ನಕ್ಷತ್ರ ಇದ್ರೆ ಕಡ್ಡಾಯ ಅಂತ” ಎಂದು ನಕ್ಕಳು. ತುಂಬುತ್ತಾ ಹೋದೆ. ‘ಗಂಡ ಅಥವಾ ತಂದೆಯ ಹೆಸರು’ ಎಂಬಲ್ಲಿಯೂ ನಕ್ಷತ್ರ ಇತ್ತು.

“ಇದಕ್ಕೆ ಯಾಕೆ?” ಅಂದೆ.

“ಫಾರಮ್ಮಲ್ಲಿ ಹಾಗೇ ಇತ್ತು. ಅವರು ಕೊಟ್ಟದ್ದನ್ನ ಹಾಕಿದೀನಿ.”

“ಲೆಕ್ಕಕ್ಕೆ ಎಲ್ಲಾದ್ರೂ ಬೇಕಾಗುತ್ತಾ?”

ಅವಳು ಲ್ಯಾಪ್‌ಟಾಪ್ ತೆಗೆದು ಹುಡುಕತೊಡಗಿದಳು. ಅನ್ನ ಆರುತ್ತಿತ್ತು. ಕರೆದೆ, ಬರಲಿಲ್ಲ. “ಇರಮ್ಮ, ನೋಡ್ತಿದೀನಿ” ಅಂದಳು.